ಧ್ಯಾನ ಫಲಿಸುತ್ತಿದೆಯೇ? ಪ್ರಗತಿಯನ್ನು ಗುರುತಿಸುವ ಬಗೆ

ಬೆಂಗಳೂರು: ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಉದ್ಯಾನಗಳಲ್ಲಿ ಬೆಳಗಿನ ನಡಿಗೆ ಮುಗಿಸಿ ಕಲ್ಲುಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರುವವರು ಈಗ ಅಪರೂಪವೇನಲ್ಲ. ಮನೆಯ ದೇವರ ಕೋಣೆಯಲ್ಲಿ ಕೆಲವರು, ಕೆಂಗೇರಿ ಕಡೆಗೆ ಸಾಗುವ ಮೆಟ್ರೋ ಬೋಗಿಯಲ್ಲಿ ಇನ್ನು ಕೆಲವರು ದಿನಕ್ಕೆ ಹತ್ತಿಪ್ಪತ್ತು ನಿಮಿಷಗಳನ್ನು ಧ್ಯಾನಕ್ಕೆಂದು ಮೀಸಲಿಡುತ್ತಾರೆ. ವಿಶ್ವಸಂಸ್ಥೆಯೂ 2024ರಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿತು.

ಆದರೆ ಆರಂಭಿಸಿದವರೆಲ್ಲ ಮುಂದುವರಿಸುವುದಿಲ್ಲ. ಮೊದಲ ಉತ್ಸಾಹ ಇಳಿದ ಮೇಲೆ ಒಂದು ಪ್ರಶ್ನೆ ತಲೆ ಎತ್ತುತ್ತದೆ: ಇಷ್ಟು ದಿನ ಕುಳಿತದ್ದರಿಂದ ಆದದ್ದೇನು? ವ್ಯಾಯಾಮ ಮಾಡಿದವರಿಗೆ ತೂಕದ ಯಂತ್ರ ಉತ್ತರ ಹೇಳುತ್ತದೆ, ಸಂಗೀತ ಕಲಿತವರಿಗೆ ರಾಗ ಹೇಳುತ್ತದೆ. ಧ್ಯಾನಕ್ಕೆ ಅಂತಹ ಕಣ್ಣಿಗೆ ಕಾಣುವ ಅಳತೆಗೋಲಿಲ್ಲ. ಹೀಗಾಗಿ ಫಲ ಕಾಣುತ್ತಿಲ್ಲವೆಂದು ಅಭ್ಯಾಸವನ್ನು ಬಿಟ್ಟವರೂ ಇದ್ದಾರೆ, ಕಂಡ ಬೆಳಕನ್ನೇ ಸಿದ್ಧಿಯೆಂದು ಭ್ರಮಿಸಿದವರೂ ಇದ್ದಾರೆ.

ಈ ಪ್ರಶ್ನೆ ಹೊಸದಲ್ಲ. ಯೋಗಶಾಸ್ತ್ರ, ಶರಣ ಪರಂಪರೆ, ಬೌದ್ಧ ಸಂಪ್ರದಾಯ ಹಾಗೂ ಇತ್ತೀಚಿನ ವಿಜ್ಞಾನ ಇದಕ್ಕೆ ತಮ್ಮದೇ ಆದ ಉತ್ತರಗಳನ್ನು ನೀಡಿವೆ. ಆ ಉತ್ತರಗಳು ಒಂದೆಡೆ ಕೂಡುವುದು ಕುತೂಹಲಕರ.

ಆರಂಭದ ತಪ್ಪು ಲೆಕ್ಕ

ಹೊಸದಾಗಿ ಧ್ಯಾನಕ್ಕೆ ಕುಳಿತವರ ಸಾಮಾನ್ಯ ದೂರು, ಮನಸ್ಸು ಮೊದಲಿಗಿಂತ ಹೆಚ್ಚು ಅಲೆಯುತ್ತಿದೆ ಎಂಬುದು. ವಾಸ್ತವದಲ್ಲಿ ಮನಸ್ಸು ಮೊದಲೂ ಅಷ್ಟೇ ಅಲೆಯುತ್ತಿತ್ತು, ಅದು ಗಮನಕ್ಕೆ ಬರುತ್ತಿರಲಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಮೊಬೈಲ್ ಮೂಲಕ ಪ್ರಶ್ನಿಸಲಾಗಿತ್ತು. ಶೇ. 46.9ರಷ್ಟು ಸಂದರ್ಭಗಳಲ್ಲಿ ಅವರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ಧ್ಯಾನದ ಗಂಧವೇ ಇಲ್ಲದವರ ಸ್ಥಿತಿಯೂ ಇದೇ.

ಅಂದರೆ ಮನಸ್ಸು ಓಡಿತು ಎಂಬ ಅರಿವೇ ಮೊದಲ ಹೆಜ್ಜೆ. ಕತ್ತಲ ಕೋಣೆಯಲ್ಲಿ ದೀಪ ಹಚ್ಚಿದಾಗ ಧೂಳು ಕಾಣುತ್ತದೆ, ದೀಪ ಧೂಳನ್ನು ತಂದದ್ದಲ್ಲ. ಈ ಹಂತವನ್ನು ಹಿನ್ನಡೆಯೆಂದು ಭಾವಿಸಿ ಅಭ್ಯಾಸ ಕೈಬಿಟ್ಟರೆ ಫಲ ದೊರೆಯುವ ಮೊದಲೇ ಹೊಲ ತೊರೆದಂತಾಗುತ್ತದೆ.

ಪತಂಜಲಿಯ ಮಾನದಂಡ

ಪತಂಜಲಿಯ ಯೋಗಸೂತ್ರದ ಮೊದಲ ಪಾದ ಅಭ್ಯಾಸ ಯಾವಾಗ ಬೇರೂರುತ್ತದೆ ಎಂಬುದನ್ನು ಸ್ಪಷ್ಟಪಡಿಸುತ್ತದೆ. ಅದಕ್ಕೆ ಮೂರು ಷರತ್ತುಗಳಿವೆ: ದೀರ್ಘಕಾಲ ನಡೆಯಬೇಕು, ನಡುವೆ ತಪ್ಪಬಾರದು, ಆದರದಿಂದ ಮಾಡಬೇಕು. ಬೆಳಕು, ನಾದ, ದರ್ಶನಗಳ ಪ್ರಸ್ತಾಪ ಈ ಷರತ್ತುಗಳಲ್ಲಿ ಇಲ್ಲ.

ಅದೇ ಪಾದದಲ್ಲಿ ಒಂಬತ್ತು ಅಂತರಾಯಗಳ ಪಟ್ಟಿಯಿದೆ. ರೋಗ, ಜಡತೆ, ಸಂಶಯ, ಅಜಾಗರೂಕತೆ, ಸೋಮಾರಿತನ, ವಿಷಯಾಸಕ್ತಿ ಮತ್ತು ತಪ್ಪು ತಿಳಿವಳಿಕೆಗಳ ನಂತರ ಬರುವ ಕೊನೆಯ ಎರಡು ಇಲ್ಲಿ ಮುಖ್ಯ. ಒಂದು ‘ಅಲಬ್ಧಭೂಮಿಕತ್ವ’, ಅಂದರೆ ನೆಲೆ ದೊರೆಯದಿರುವುದು. ಇನ್ನೊಂದು ‘ಅನವಸ್ಥಿತತ್ವ’, ಅಂದರೆ ದೊರೆತ ನೆಲೆಯಲ್ಲಿ ನಿಲ್ಲಲಾಗದಿರುವುದು. ಒಂದು ದಿನ ದೊರೆತ ಗಾಢ ಅನುಭವ ಮರುದಿನ ಕಾಣೆಯಾದರೆ ಅದನ್ನು ಪ್ರಗತಿಯೆಂದು ಲೆಕ್ಕಕ್ಕೆ ಹಿಡಿಯಲಾಗದು ಎಂಬುದು ಇದರಿಂದ ಹೊರಡುವ ಅರ್ಥ.

ಅಂತರಾಯಗಳ ಜೊತೆಗಾರರನ್ನೂ ಪತಂಜಲಿ ಹೆಸರಿಸುತ್ತಾನೆ: ದುಃಖ, ಮನಸ್ಸಿನ ಖಿನ್ನತೆ, ಅಂಗಗಳ ನಡುಕ ಮತ್ತು ಏರುಪೇರಾದ ಉಸಿರು. ಈ ಪಟ್ಟಿಯನ್ನು ತಿರುಗಿಸಿ ಓದಿದರೆ ಪ್ರಗತಿಯ ಗುರುತುಗಳೇ ದೊರೆಯುತ್ತವೆ. ದೇಹ ಅಲುಗದೆ ಕೂರುತ್ತಿದೆಯೇ, ಉಸಿರು ತಾನಾಗಿ ಸಮವಾಗುತ್ತಿದೆಯೇ, ಮನಸ್ಸಿನ ಮಂಕು ಕಡಿಮೆಯಾಗಿದೆಯೇ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು.

ಗಮನಿಸಬೇಕಾದ ಮತ್ತೊಂದು ಅಂಶವಿದೆ. ಕಣ್ಣು ಮುಚ್ಚಿ ಕುಳಿತುದನ್ನೆಲ್ಲ ನಾವು ಧ್ಯಾನವೆನ್ನುತ್ತೇವೆ. ಪತಂಜಲಿಯ ಲೆಕ್ಕದಲ್ಲಿ ಮನಸ್ಸನ್ನು ಒಂದೆಡೆ ನಿಲ್ಲಿಸುವ ಪ್ರಯತ್ನ ಧಾರಣೆ. ಆ ಹರಿವು ತುಂಡಾಗದೆ ಸಾಗಿದರೆ ಮಾತ್ರ ಧ್ಯಾನ. ಎಣ್ಣೆಯ ಧಾರೆಯಂತೆ ಎಡೆಬಿಡದ ಹರಿವು ಎಂದು ಹಿಂದಿನವರು ಇದನ್ನು ಹೋಲಿಸಿದ್ದಾರೆ. ಬಹುತೇಕ ಗೃಹಸ್ಥರು ವರ್ಷಗಟ್ಟಲೆ ಮಾಡುವುದು ಧಾರಣೆಯ ಅಭ್ಯಾಸವನ್ನೇ. ಇದನ್ನು ಅರಿತರೆ ಅನಗತ್ಯ ನಿರಾಸೆ ತಪ್ಪುತ್ತದೆ.

ನೆಮ್ಮದಿಯೂ ತೊಡಕಾದಾಗ

ಸದಾನಂದರ ‘ವೇದಾಂತಸಾರ’ ಸಾಧನೆಯ ನಾಲ್ಕು ತೊಡಕುಗಳನ್ನು ಹೇಳುತ್ತದೆ: ಲಯ, ವಿಕ್ಷೇಪ, ಕಷಾಯ ಮತ್ತು ರಸಾಸ್ವಾದ. ವಿಕ್ಷೇಪವೆಂದರೆ ಅಲೆದಾಟ, ಅದು ಎಲ್ಲರಿಗೂ ತಿಳಿದದ್ದೇ. ಕಷಾಯವೆಂದರೆ ಒಳಗೆ ಉಳಿದ ವಾಸನೆಗಳಿಂದ ಮನಸ್ಸು ಮರಗಟ್ಟುವುದು. ಲಯವೆಂದರೆ ನಿದ್ರೆಗೆ ಜಾರುವುದು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಗ್ಗೆ ಐದಕ್ಕೆ ಎದ್ದು ಕುಳಿತವರ ಮನಸ್ಸು ಶಾಂತವಾಯಿತೆಂದರೆ ಹಲವು ಬಾರಿ ಅದು ತೂಕಡಿಕೆಯೇ ಆಗಿರುತ್ತದೆ. ಧ್ಯಾನದಿಂದ ಎದ್ದಾಗ ಚುರುಕಿದ್ದರೆ ಶಾಂತಿ, ಮಂಪರಿದ್ದರೆ ಲಯ ಎಂಬುದು ಸುಲಭದ ಪರೀಕ್ಷೆ.

ರಸಾಸ್ವಾದ ಇನ್ನೂ ಸೂಕ್ಷ್ಮ. ಧ್ಯಾನದಲ್ಲಿ ದೊರೆತ ಹಿತವನ್ನೇ ಸವಿಯುತ್ತ ನಿಂತುಬಿಡುವುದು ಅದರ ಸ್ವರೂಪ. ನಿನ್ನೆಯ ಹಿತ ಇಂದೂ ಬೇಕೆಂದು ಕಾಯುವವರಿಗೆ ಧ್ಯಾನವೂ ಇನ್ನೊಂದು ಚಟವಾಗುತ್ತದೆ.

ನಡೆಯೇ ನಿಕಷ

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಅರ್ಜುನ ಕೇಳುವ ಪ್ರಶ್ನೆ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಸ್ಥಿತಪ್ರಜ್ಞನಾದವನು ಹೇಗೆ ಮಾತನಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಎಂಬುದು ಅವನ ಜಿಜ್ಞಾಸೆ. ಆತನಿಗೆ ಏನು ಕಾಣುತ್ತದೆ ಎಂದು ಅರ್ಜುನ ಕೇಳುವುದಿಲ್ಲ. ಕೃಷ್ಣನ ಉತ್ತರವೂ ಸುಖದುಃಖಗಳಲ್ಲಿ, ಭಯಕ್ರೋಧಗಳಲ್ಲಿ ಆತ ಹೇಗಿರುತ್ತಾನೆ ಎಂಬುದನ್ನೇ ವಿವರಿಸುತ್ತದೆ. ಗೀತೆಯನ್ನು ಸಂಸಾರಿಗಳ ಬದುಕಿಗೆ ಹತ್ತಿರ ತಂದ ಡಿ.ವಿ. ಗುಂಡಪ್ಪನವರು ತಮ್ಮ ವ್ಯಾಖ್ಯಾನಕ್ಕೆ ‘ಜೀವನಧರ್ಮಯೋಗ’ ಎಂದೇ ಹೆಸರಿಟ್ಟರು. ಆ ಕೃತಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಅಲ್ಲಮನ ಕತ್ತಿ ಪರೀಕ್ಷೆ

ಪಶ್ಚಿಮ ಬೆಂಗಳೂರಿನ ಬಡಾವಣೆಗಳಿಗೆ ಈ ಚರ್ಚೆಯೊಡನೆ ಹೆಸರಿನ ನಂಟೂ ಇದೆ. ಬಸವೇಶ್ವರನಗರ ಶರಣ ಪರಂಪರೆಯ ಹೆಸರು ಹೊತ್ತಿದ್ದರೆ, ಪಕ್ಕದ ವಿಜಯನಗರದಲ್ಲಿ ನಾಥ ಪರಂಪರೆಯ ಆದಿಚುಂಚನಗಿರಿ ಮಹಾಸಂಸ್ಥಾನದ ಶಾಖಾ ಮಠವಿದೆ. ಈ ಎರಡು ಪರಂಪರೆಗಳು ಮುಖಾಮುಖಿಯಾದ ಕಥೆಯೊಂದು ಕನ್ನಡ ಸಾಹಿತ್ಯದಲ್ಲಿ ಪ್ರಸಿದ್ಧ. ಹದಿನೈದನೆಯ ಶತಮಾನದ ಚಾಮರಸ ಕವಿಯ ‘ಪ್ರಭುಲಿಂಗಲೀಲೆ’ಯಲ್ಲೂ ‘ಶೂನ್ಯಸಂಪಾದನೆ’ಯಲ್ಲೂ ಅದು ಬರುತ್ತದೆ.

ಯೋಗಸಾಧನೆಯಿಂದ ವಜ್ರಕಾಯ ಪಡೆದ ಗೋರಕ್ಷ ತನ್ನ ದೇಹಕ್ಕೆ ಕತ್ತಿಯಿಂದ ಹೊಡೆಯುವಂತೆ ಅಲ್ಲಮಪ್ರಭುವಿಗೆ ಹೇಳುತ್ತಾನೆ. ಅಲ್ಲಮ ಬೀಸಿದ ಕತ್ತಿ ಖಣಿಲೆಂದು ಸದ್ದು ಮಾಡುತ್ತದೆ, ದೇಹಕ್ಕೆ ಏನೂ ಆಗುವುದಿಲ್ಲ. ಬಳಿಕ ಗೋರಕ್ಷ ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಸದ್ದು ಮಾಡಲು ಅಲ್ಲಿ ಏನೂ ಉಳಿದಿಲ್ಲ.

ಶರಣ ಕವಿಗಳು ಹೇಳಿದ ಈ ಕಥೆಯಲ್ಲಿ ಶರಣರದೇ ಮೇಲುಗೈ ಎಂಬುದು ಸಹಜ. ಅದನ್ನು ಬದಿಗಿಟ್ಟು ನೋಡಿದರೆ ಇಲ್ಲಿ ಎರಡು ಅಳತೆಗೋಲುಗಳಿವೆ: ಸಾಧನೆಯಿಂದ ಏನನ್ನು ಗಳಿಸಿದೆ ಎಂಬುದು ಒಂದು, ‘ನಾನು’ ಎಂಬುದು ಎಷ್ಟು ಕರಗಿತು ಎಂಬುದು ಇನ್ನೊಂದು. ಸಿದ್ಧಿಗಳು ಸಮಾಧಿಗೆ ಅಡ್ಡಿಯೆಂದು ಪತಂಜಲಿಯೂ ಮೂರನೆಯ ಪಾದದಲ್ಲಿ ಎಚ್ಚರಿಸಿರುವುದು ಇಲ್ಲಿ ಸ್ಮರಣೀಯ.

ಶರಣರು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಮೂಲಕ ಸಾಧಕನ ಏರಿಕೆಯನ್ನು ಗುರುತಿಸಿದರು. ಆದರೆ ಯಾವ ಮೆಟ್ಟಿಲಲ್ಲಿ ನಿಂತಿದ್ದೇನೆಂದು ಸಾಧಕ ತಾನೇ ಘೋಷಿಸಿಕೊಳ್ಳುವುದನ್ನು ಅವರು ಸುಮ್ಮನೆ ಒಪ್ಪುತ್ತಿರಲಿಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನೂ ಅಲ್ಲಮ ಅನುಭವಮಂಟಪದಲ್ಲಿ ಕಠಿಣವಾಗಿ ಪ್ರಶ್ನಿಸುತ್ತಾನೆ. ಉಡುಗೆಯನ್ನೇ ತೊರೆದವಳು ಕೂದಲಿನಿಂದ ಮೈ ಮರೆಮಾಡಿಕೊಂಡಿದ್ದೇಕೆ ಎಂಬ ಪ್ರಶ್ನೆಯನ್ನು ಎದುರಿಸಿ ಉತ್ತರಿಸಿದ ನಂತರವೇ ಆಕೆಯ ನಿಲುವಿಗೆ ಮನ್ನಣೆ. ಪ್ರಗತಿಯನ್ನು ಇನ್ನೊಬ್ಬರ ಕಣ್ಣಿನಿಂದಲೂ ನೋಡಬೇಕು ಎಂಬ ಪಾಠ ಇದರಲ್ಲಿದೆ.

ಎಣಿಕೆ ಮತ್ತು ಸಮಚಿತ್ತ

ರಾಜಾಜಿನಗರದ ಹರೇಕೃಷ್ಣ ಗಿರಿಯಲ್ಲಿ 1997ರಲ್ಲಿ ಲೋಕಾರ್ಪಣೆಗೊಂಡ ಇಸ್ಕಾನ್ ದೇವಾಲಯ ಜಪಸಾಧನೆಯ ಕೇಂದ್ರವೂ ಹೌದು. ಈ ಸಂಪ್ರದಾಯದಲ್ಲಿ ದೀಕ್ಷೆ ಪಡೆದವರು 108 ಮಣಿಗಳ ಮಾಲೆಯನ್ನು ದಿನಕ್ಕೆ 16 ಸುತ್ತು ಜಪಿಸುವ ನಿಯಮವಿದೆ. ಅಂದರೆ ಮಹಾಮಂತ್ರದ 1,728 ಆವರ್ತನೆ. ಎಣಿಕೆಯ ಲಾಭ ಸ್ಪಷ್ಟ: ಇಂದು ಕುಳಿತೆನೋ ಇಲ್ಲವೋ ಎಂಬುದರಲ್ಲಿ ಆತ್ಮವಂಚನೆಗೆ ಅವಕಾಶವಿಲ್ಲ. ಆದರೆ ಮಣಿ ಸರಿಯುತ್ತಿರುವಾಗ ಮನಸ್ಸು ಎಲ್ಲಿತ್ತು ಎಂಬುದನ್ನು ಮಾಲೆ ಹೇಳದು. ಎಣಿಕೆ ನಿಷ್ಠೆಯನ್ನು ಅಳೆಯುತ್ತದೆ, ಗಮನವನ್ನಲ್ಲ. ಗಮನವಿಟ್ಟು ಜಪಿಸಬೇಕೆಂದು ಆ ಸಂಪ್ರದಾಯವೂ ಒತ್ತಿ ಹೇಳುವುದು ಇದೇ ಕಾರಣಕ್ಕೆ.

ತುಮಕೂರು ರಸ್ತೆಯ ಆಲೂರಿನಲ್ಲಿರುವ ‘ಧಮ್ಮ ಪಫುಲ್ಲ’ ವಿಪಶ್ಯನಾ ಕೇಂದ್ರದ ವಿಧಾನ ಬೇರೆ. 1969ರಿಂದ ಭಾರತದಲ್ಲಿ ಈ ವಿದ್ಯೆ ಕಲಿಸಿದ ಸತ್ಯನಾರಾಯಣ ಗೋಯಂಕಾ (1924–2013) ಅವರ ಕ್ರಮದಂತೆ ಹತ್ತು ದಿನ ಮೌನದಲ್ಲಿದ್ದು ಉಸಿರನ್ನೂ ದೇಹದ ಸಂವೇದನೆಗಳನ್ನೂ ಗಮನಿಸಬೇಕು. ಮೈಯಲ್ಲಿ ಪುಳಕ ಹರಿದರೆ ಮುಂದುವರಿದಂತೆ, ಮಂಡಿ ನೋವು ಉಳಿದರೆ ಹಿಂದುಳಿದಂತೆ ಎಂಬ ಲೆಕ್ಕವನ್ನು ಅವರು ಒಪ್ಪುತ್ತಿರಲಿಲ್ಲ. ಹಿತವಾದುದಕ್ಕೆ ಹಂಬಲಿಸದೆ, ಅಹಿತವಾದುದಕ್ಕೆ ಕೆರಳದೆ ಇರುವ ಸಮಚಿತ್ತವೊಂದೇ ಅವರ ಅಳತೆಗೋಲು.

ಆನೆ, ಕೋತಿ ಮತ್ತು ಒಂಬತ್ತು ಮೆಟ್ಟಿಲು

ಪ್ರಗತಿಯನ್ನು ಚಿತ್ರದಲ್ಲೇ ಬಿಡಿಸಿಟ್ಟವರು ಟಿಬೆಟಿಯನ್ನರು. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟಿಯನ್ ಸಮುದಾಯದ ಮೂಲಕ ಈ ಪರಂಪರೆ ಕರ್ನಾಟಕಕ್ಕೂ ಬಂದಿದೆ. ಎಂಟನೆಯ ಶತಮಾನದ ಭಾರತೀಯ ವಿದ್ವಾಂಸ ಕಮಲಶೀಲನ ‘ಭಾವನಾಕ್ರಮ’ದಲ್ಲಿ ವಿವರಿಸಲಾದ ಚಿತ್ತದ ಒಂಬತ್ತು ಹಂತಗಳೇ ಆ ಚಿತ್ರದ ವಸ್ತು.

ಅಂಕುಡೊಂಕು ದಾರಿಯ ಬುಡದಲ್ಲಿ ಒಂದು ಕಪ್ಪು ಆನೆ, ಅದನ್ನು ಮುಂದೆ ನಿಂತು ನಡೆಸುವ ಕೋತಿ, ಹಿಂದೆ ಹಗ್ಗ ಹಿಡಿದು ಬೆನ್ನಟ್ಟುವ ಭಿಕ್ಷು. ಆನೆಯೆಂದರೆ ಚಿತ್ತ, ಅದರ ಕಪ್ಪು ಜಡತೆಯ ಬಣ್ಣ. ಕೋತಿ ಚಂಚಲತೆ. ಮೇಲೇರಿದಂತೆ ಆನೆ ತಲೆಯಿಂದ ಮೊದಲ್ಗೊಂಡು ಬೆಳ್ಳಗಾಗುತ್ತದೆ, ಕೋತಿ ಹಿಂದೆ ಸರಿದು ಕೊನೆಗೆ ಮರೆಯಾಗುತ್ತದೆ. ಒಂಬತ್ತನೆಯ ಹಂತದಲ್ಲಿ ಭಿಕ್ಷುವಿನ ಪಕ್ಕದಲ್ಲಿ ಬಿಳಿಯ ಆನೆ ವಿರಮಿಸಿರುತ್ತದೆ. ದಾರಿಯ ಬದಿಯಲ್ಲಿ ಚಿತ್ರಿಸಿದ ಬೆಂಕಿಯ ಜ್ವಾಲೆಗಳು ಬೇಕಾದ ಶ್ರಮವನ್ನು ಸೂಚಿಸುತ್ತವೆ. ಮೊದಲು ದೊಡ್ಡದಾಗಿದ್ದ ಜ್ವಾಲೆ ಮೇಲೆ ಹೋದಂತೆ ಸಣ್ಣದಾಗುತ್ತದೆ.

ಆರಂಭದ ಹಂತಗಳಲ್ಲಿ ಗುರುತಿಸಬೇಕಾದುದು ಎರಡೇ: ಮನಸ್ಸು ಹಿಡಿದ ಆಲಂಬನದ ಮೇಲೆ ಎಷ್ಟು ಹೊತ್ತು ನಿಂತಿತು, ಜಾರಿದಾಗ ಎಷ್ಟು ಬೇಗ ಮರಳಿತು. ಮನಸ್ಸು ಜಾರಲೇಬಾರದೆಂಬ ನಿರೀಕ್ಷೆ ಮೊದಲ ಮೆಟ್ಟಿಲುಗಳಲ್ಲಿ ಇಲ್ಲವೇ ಇಲ್ಲ.

ಪ್ರಯೋಗಾಲಯ ಹೇಳುವುದೇನು?

ಧ್ಯಾನದ ವೈಜ್ಞಾನಿಕ ಅಧ್ಯಯನದಲ್ಲಿ ಬೆಂಗಳೂರಿಗೆ ಹಳೆಯ ಸ್ಥಾನವಿದೆ. ನಿಮ್ಹಾನ್ಸ್‌ನ ಟಿ. ದೇಸಿರಾಜು ಮತ್ತು ಶರ್ಲಿ ಟೆಲ್ಲೆಸ್ ಅವರು ಬ್ರಹ್ಮಕುಮಾರಿ ರಾಜಯೋಗದ ಅನುಭವಿ ಸಾಧಕರನ್ನು ಪರೀಕ್ಷಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಧ್ಯಾನದಲ್ಲಿ ಹೃದಯ ಬಡಿತ ಇಳಿಯುವ ಬದಲು ತುಸು ಏರಿತ್ತು. ಉಳಿದ ದೈಹಿಕ ಬದಲಾವಣೆಗಳು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿದ್ದವು. ನಾಡಿ ನಿಧಾನವಾದರೆ ಮಾತ್ರ ಧ್ಯಾನ ಕೈಗೂಡಿತು ಎಂಬ ನಂಬಿಕೆಗೆ ಇದು ಪುಷ್ಟಿ ನೀಡುವುದಿಲ್ಲ. 2011ರಲ್ಲಿ ನಿಮ್ಹಾನ್ಸ್ ತಂಡ ಓಂಕಾರ ಪಠಣದ ವೇಳೆ ಮಿದುಳಿನ ಚಿತ್ರಣ ತೆಗೆದಾಗ ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿರುವುದು ಕಂಡಿತು. ‘ಸ್‌ಸ್‌ಸ್’ ಎಂಬ ಸದ್ದು ಮಾಡಿದಾಗ ಹಾಗಾಗಲಿಲ್ಲ. ಅದು ಸಣ್ಣ ಪ್ರಮಾಣದ ಆರಂಭಿಕ ಅಧ್ಯಯನವಾಗಿತ್ತು.

ಎಂಟು ವಾರ ಧ್ಯಾನ ಮಾಡಿದರೆ ಮಿದುಳಿನ ರಚನೆಯೇ ಬದಲಾಗುತ್ತದೆ ಎಂಬ ಮಾತು 2011ರ ಅಧ್ಯಯನವೊಂದರ ನಂತರ ಬಹಳ ಪ್ರಚಾರ ಪಡೆಯಿತು. ಆದರೆ 2022ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ, 218 ಮಂದಿಯನ್ನು ಒಳಗೊಂಡ ಹೆಚ್ಚು ಕಟ್ಟುನಿಟ್ಟಿನ ಅಧ್ಯಯನದಲ್ಲಿ ಎಂಟು ವಾರಗಳ ತರಬೇತಿಯಿಂದ ಅಂತಹ ರಚನಾತ್ಮಕ ಬದಲಾವಣೆ ಕಂಡುಬರಲಿಲ್ಲ. ಹಾಗೆಂದು ಧ್ಯಾನ ನಿಷ್ಫಲವೆಂದಲ್ಲ. 3,515 ಮಂದಿ ಪಾಲ್ಗೊಂಡ 47 ಪ್ರಯೋಗಗಳನ್ನು ಪರಿಶೀಲಿಸಿದ 2014ರ ವರದಿಯೊಂದು ಆತಂಕ, ಖಿನ್ನತೆ ಮತ್ತು ನೋವು ತಗ್ಗುವುದಕ್ಕೆ ಮಧ್ಯಮ ಪ್ರಮಾಣದ ಪುರಾವೆ ಇದೆಯೆಂದು ಹೇಳಿತು.

ಪ್ರಗತಿಯನ್ನು ಅಳೆಯಲು ಸಂಶೋಧಕರು ಪ್ರಶ್ನಾವಳಿಗಳನ್ನೂ ಬಳಸುತ್ತಾರೆ. 2006ರಲ್ಲಿ ರೂಪುಗೊಂಡ ಒಂದು ಪ್ರಶ್ನಾವಳಿಯಲ್ಲಿ 39 ಹೇಳಿಕೆಗಳಿವೆ. ಉತ್ತರಿಸುವವರು ಸಾಧಕರೇ ಆಗಿರುವುದು ಇದರ ಮಿತಿ. ಅಭ್ಯಾಸ ಹೆಚ್ಚಿದಂತೆ ತಮ್ಮ ಅಜಾಗರೂಕತೆ ತಮಗೇ ಹೆಚ್ಚು ಕಾಣುವುದರಿಂದ ಅಂಕ ಇಳಿಯಲೂಬಹುದು. ಸ್ವಯಂ ಘೋಷಣೆಯನ್ನು ಅನುಭವಮಂಟಪ ನಂಬದಿದ್ದುದಕ್ಕೆ ಇಲ್ಲೊಂದು ಆಧುನಿಕ ಸಮರ್ಥನೆ ಸಿಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆಗಳು

ಉಸಿರಿನ ಎಣಿಕೆ: 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಸಿರನ್ನು ಒಂದರಿಂದ ಒಂಬತ್ತರವರೆಗೆ ಮತ್ತೆ ಮತ್ತೆ ಎಣಿಸುವುದನ್ನೇ ಎಚ್ಚರದ ಅಳತೆಯಾಗಿ ಬಳಸಿತು. ಅದನ್ನು ಮನೆಯಲ್ಲೂ ಮಾಡಬಹುದು. ಹತ್ತು ನಿಮಿಷದಲ್ಲಿ ಎಷ್ಟು ಬಾರಿ ಲೆಕ್ಕ ತಪ್ಪಿತು, ಒಂಬತ್ತು ದಾಟಿ ಹದಿಮೂರಕ್ಕೆ ಹೋದದ್ದು ಎಷ್ಟು ಸಲ ಎಂಬುದನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು.

ಮರಳುವ ವೇಗ: ಆಲೋಚನೆಯ ಹಿಂದೆ ಹೋದ ಮನಸ್ಸು ಹೋಗಿದೆಯೆಂದು ತಿಳಿಯಲು ಐದು ನಿಮಿಷ ಬೇಕಾಗುತ್ತಿದ್ದುದು ಅರ್ಧ ನಿಮಿಷಕ್ಕೆ ಇಳಿದರೆ ಅದು ನಿಜವಾದ ಮುನ್ನಡೆ. ಮರಳಿ ತರುವಾಗ ತನ್ನನ್ನು ತಾನು ಬೈದುಕೊಳ್ಳುವುದು ನಿಂತರೆ ಇನ್ನೂ ಒಳ್ಳೆಯದು.

ಸಿಟ್ಟಿನ ಆಯುಷ್ಯ: ಸಿಟ್ಟು ಬರುವುದೇ ಇಲ್ಲವೆಂಬ ಸ್ಥಿತಿ ಬಹುದೂರದ್ದು. ಕಾರ್ಡ್ ರಸ್ತೆಯ ದಟ್ಟಣೆಯಲ್ಲಿ ಅಡ್ಡ ಬಂದ ಆಟೋದ ಮೇಲೆ ಬಂದ ಸಿಟ್ಟು ಮನೆಯವರೆಗೂ ಬರುತ್ತಿತ್ತೇ, ಈಗ ಮುಂದಿನ ಸಿಗ್ನಲ್‌ನಲ್ಲೇ ಇಳಿಯುತ್ತಿದೆಯೇ ಎಂಬುದನ್ನು ನೋಡಿಕೊಳ್ಳಬಹುದು.

ಮಾತಿಗೆ ಮುನ್ನಿನ ಬಿಡುವು: ಕಟುವಾಗಿ ಉತ್ತರಿಸುವ ಮುನ್ನ ಒಂದು ಉಸಿರಿನಷ್ಟು ಅಂತರ ದೊರೆಯುತ್ತಿದ್ದರೆ ಅಭ್ಯಾಸ ಆಸನದಿಂದ ಬದುಕಿಗೆ ಇಳಿದಿದೆ ಎಂದರ್ಥ.

ಬೇಸರದ ದಿನದ ಹಾಜರಿ: ಹಿತವಾದ ದಿನ ಎಲ್ಲರೂ ಕೂರುತ್ತಾರೆ. ಏನೂ ಆಗದ, ಮನಸ್ಸೊಪ್ಪದ ದಿನವೂ ಕುಳಿತೆದ್ದವರ ಅಭ್ಯಾಸ ಬೇರು ಬಿಟ್ಟಿದೆ.

ಮನೆಯವರ ಮಾತು: ತನಗೆ ಬಂದ ಶಾಂತಿಯ ಬಗ್ಗೆ ಸಾಧಕನ ಅಭಿಪ್ರಾಯಕ್ಕಿಂತ ಮಡದಿ, ಮಕ್ಕಳು, ಸಹೋದ್ಯೋಗಿಗಳ ಅಭಿಪ್ರಾಯ ಹೆಚ್ಚು ನಂಬಲರ್ಹ. ಧ್ಯಾನಕ್ಕೆ ಅಡ್ಡಿಯಾಯಿತೆಂದು ಮನೆಯವರ ಮೇಲೆ ರೇಗುವಂತಾಗಿದ್ದರೆ ದಾರಿ ಎಲ್ಲೋ ತಪ್ಪಿದೆ.

ಬೆಳಕು ಕಾಣುವುದು, ಮೈ ಹಗುರಾಗುವುದು, ಜುಮ್ಮೆನ್ನುವುದು, ಕಣ್ಣೀರು ಬರುವುದು ಈ ಪಟ್ಟಿಯಲ್ಲಿಲ್ಲ. ಅವು ಬಂದರೆ ಹೆಮ್ಮೆಯೂ ಬೇಡ, ಬಾರದಿದ್ದರೆ ಕೊರತೆಯೂ ಇಲ್ಲ. ಈ ಪರೀಕ್ಷೆಗಳನ್ನು ದಿನವೂ ಮಾಡಬಾರದು ಎಂಬುದೂ ನೆನಪಿರಲಿ. ಬಿತ್ತಿದ ಬೀಜವನ್ನು ನಿತ್ಯ ಕೆದಕಿ ನೋಡಿದರೆ ಮೊಳಕೆ ಉಳಿಯದು. ಎರಡು ಮೂರು ತಿಂಗಳಿಗೊಮ್ಮೆ ಹಿಂದಿರುಗಿ ನೋಡಿದರೆ ಸಾಕು.

ಎಚ್ಚರಿಕೆಯ ಮಾತು

ಧ್ಯಾನದಲ್ಲಿ ಎದುರಾಗುವ ಎಲ್ಲ ಕಷ್ಟವೂ ಪ್ರಗತಿಯ ಹಂತವಲ್ಲ. 83 ಅಧ್ಯಯನಗಳನ್ನು ಪರಿಶೀಲಿಸಿದ 2020ರ ಸಮೀಕ್ಷೆಯೊಂದು ಸುಮಾರು ಶೇ. 8.3ರಷ್ಟು ಸಾಧಕರಲ್ಲಿ ಪ್ರತಿಕೂಲ ಪರಿಣಾಮಗಳನ್ನು ಗುರುತಿಸಿತು. ಆತಂಕ ಮತ್ತು ಖಿನ್ನತೆ ಅವುಗಳಲ್ಲಿ ಪ್ರಮುಖ. ದಿನಗಟ್ಟಲೆ ನಿದ್ರೆ ಬಾರದಿರುವುದು, ಹೆಚ್ಚುತ್ತಲೇ ಹೋಗುವ ಭಯ, ಇಲ್ಲದ ಧ್ವನಿ ಕೇಳಿಸುವುದು, ಸುತ್ತಲಿನ ಜಗತ್ತು ನಿಜವಲ್ಲವೆನ್ನಿಸುವುದು ಕಂಡರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣುವುದು ವಿವೇಕ. ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಧ್ಯಾನವನ್ನು ನಂಬಿ ಅದನ್ನು ತಾವಾಗಿ ನಿಲ್ಲಿಸಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಪತಂಜಲಿಯ ಸ್ಥಿರತೆ, ಗೀತೆಯ ನಡೆ, ಅಲ್ಲಮನ ಬಯಲು, ಗೋಯಂಕಾ ಅವರ ಸಮಚಿತ್ತ, ಟಿಬೆಟಿಯನ್ನರ ಬಿಳಿ ಆನೆ ಇವು ಬೇರೆ ಬೇರೆ ದಾರಿಯ ಮೈಲಿಗಲ್ಲುಗಳು. ಕಣ್ಣು ಮುಚ್ಚಿದಾಗ ಏನು ಕಂಡಿತು ಎಂಬುದನ್ನು ಇವುಗಳಲ್ಲಿ ಯಾವುದೂ ದೊಡ್ಡದು ಮಾಡುವುದಿಲ್ಲ. ಕಣ್ಣು ತೆರೆದು ಎದ್ದ ಮೇಲೆ ಮನೆಯಲ್ಲಿ, ಕಚೇರಿಯಲ್ಲಿ, ರಸ್ತೆಯಲ್ಲಿ ಆ ವ್ಯಕ್ತಿ ಹೇಗಿದ್ದಾನೆ ಎಂಬುದನ್ನೇ ಎಲ್ಲವೂ ಕೇಳುತ್ತವೆ. ತಿಂಗಳಾದರೂ ಏನೂ ಆಗಲಿಲ್ಲವೆಂದು ಆಸನ ಮಡಚಿಡಲು ಹೊರಟವರು ಅದಕ್ಕೆ ಮುನ್ನ ಮನೆಯವರನ್ನು ಒಮ್ಮೆ ಕೇಳುವುದು ಒಳಿತು.